ಬಿಳಿ ಕೂದಲಿನ ಎಳೆ, ಕೇಳಿಸದ ಕಿವಿ: ಮಗುವಿನ ಮೈಯನ್ನು ಓದುವುದು ಹೇಗೆ?

ನಮ್ಮೂರ ಶಾಲೆಯಲ್ಲಿ ನನ್ನ ಜೊತೆ ಕೂರುತ್ತಿದ್ದ ಒಬ್ಬ ಹುಡುಗನಿಗೆ ಹಣೆಯ ನಡುವಿನಿಂದ ಹಿಂದಕ್ಕೆ ಎರಡು ಬೆರಳಗಲ ಬಿಳಿ ಕೂದಲಿತ್ತು. ಕಣ್ಣು ತಿಳಿನೀಲಿ. ಊರವರು ಅವನನ್ನು ಬೆಕ್ಕಿನ ಕಣ್ಣಿನವನು ಎಂದೇ ಕರೆಯುತ್ತಿದ್ದರು. ಅವನಿಗೆ ಕಿವಿ ಕೇಳಿಸುತ್ತಿರಲಿಲ್ಲ, ಮಾತೂ ಬರಲಿಲ್ಲ. ಮೂರನೇ ಕ್ಲಾಸಿನವರೆಗೆ ಹಿಂದಿನ ಸಾಲಿನಲ್ಲಿ ಕೂತು, ಆಮೇಲೆ ಶಾಲೆ ಬಿಟ್ಟು ದನದ ಹಿಂದೆ ಹೋದ. ಅವನ ಅಪ್ಪನ ತಲೆಯಲ್ಲೂ ಅದೇ ಜಾಗದಲ್ಲಿ ಅದೇ ಬಿಳಿ ಎಳೆ ಇತ್ತು. ಅಪ್ಪನಿಗೆ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. ಕೂದಲನ್ನು ಮನೆತನದ ಗುರುತು ಎಂದರು, ಕಣ್ಣನ್ನು ಚಂದ ಎಂದರು, ಕಿವುಡನ್ನು ಹಣೆಬರಹ ಎಂದರು. ಮೂರನ್ನೂ ಒಟ್ಟಿಗೆ ಇಟ್ಟು ನೋಡಿದವರು ಯಾರೂ ಇರಲಿಲ್ಲ.

ಮೆಡಿಕಲ್ ಓದುವಾಗ ಪುಸ್ತಕದ ಒಂದು ಪುಟದಲ್ಲಿ ಆ ಹುಡುಗ ನನಗೆ ಮತ್ತೆ ಸಿಕ್ಕಿದ. ಚಿತ್ರದಲ್ಲಿದ್ದದ್ದು ಯಾವುದೋ ಬೇರೆ ದೇಶದ ಮಗು. ಆದರೆ ಅದೇ ಬಿಳಿ ಎಳೆ, ಅದೇ ಕಣ್ಣು. ವಾರ್ಡನ್‌ಬರ್ಗ್ ಸಿಂಡ್ರೋಮ್ ಎಂದು ಕೆಳಗೆ ಬರೆದಿತ್ತು. ನೆದರ್ಲ್ಯಾಂಡ್ಸ್‌ನ ಕಣ್ಣಿನ ವೈದ್ಯ ಪೆಟ್ರಸ್ ವಾರ್ಡನ್‌ಬರ್ಗ್ ಇದನ್ನು 1951ರಲ್ಲಿ ವಿವರವಾಗಿ ಬರೆದಿದ್ದರು. ನಾವು ಮೂರನೇ ಕ್ಲಾಸಿನಲ್ಲಿ ಕೂತಿದ್ದು ಅದಾದ ಎಷ್ಟೋ ವರ್ಷಗಳ ಮೇಲೆ. ಆ ಪುಟವನ್ನು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಕೂದಲಿಗೂ ಕಿವಿಗೂ ಏನು ಸಂಬಂಧ? ಭ್ರೂಣದ ಬೆನ್ನಿನುದ್ದಕ್ಕೂ, ಮುಂದೆ ಮೆದುಳು ಮತ್ತು ಬೆನ್ನುಹುರಿಯಾಗುವ ನಾಳದ ಅಂಚಿನಲ್ಲಿ, ಒಂದು ಜಾತಿಯ ಜೀವಕೋಶಗಳು ಹುಟ್ಟುತ್ತವೆ. ನರಶಿಖೆಯ ಕೋಶಗಳು ಎನ್ನಬಹುದು. ಇವು ಹುಟ್ಟಿದ ಜಾಗದಲ್ಲಿ ನಿಲ್ಲುವುದಿಲ್ಲ. ಗುಳೆ ಹೊರಟ ಜನರ ಹಾಗೆ ಮೈಯೆಲ್ಲ ಹರಡಿಕೊಂಡು, ಹೋದಲ್ಲಿ ಒಂದೊಂದು ಕಸುಬು ಹಿಡಿಯುತ್ತವೆ. ಒಂದು ಗುಂಪು ಬಣ್ಣ ಕೊಡುವ ಕೋಶಗಳಾಗಿ ಕೂದಲ ಬುಡಕ್ಕೆ, ಚರ್ಮಕ್ಕೆ, ಕಣ್ಣಿನ ಪಾಪೆಯ ಸುತ್ತಲಿನ ಬಣ್ಣದ ಬಳೆಗೆ ಹೋಗುತ್ತದೆ. ಅದೇ ಗುಂಪಿನ ಕೆಲವು ಒಳಕಿವಿಯ ಶಂಖದ ಗೋಡೆಗೂ ಹೋಗುತ್ತವೆ. ಅಲ್ಲಿ ಅವುಗಳ ಕೆಲಸ ಬಣ್ಣ ಕೊಡುವುದಲ್ಲ. ಶಂಖದೊಳಗಿನ ದ್ರವದಲ್ಲಿ ಪೊಟ್ಯಾಸಿಯಂ ಮಟ್ಟವನ್ನು ಕಾಯುವುದು. ಆ ಪೊಟ್ಯಾಸಿಯಂ ಇಲ್ಲದಿದ್ದರೆ ಶಬ್ದ ಬಡಿದರೂ ನರಕ್ಕೆ ಸುದ್ದಿ ಮುಟ್ಟುವುದಿಲ್ಲ. ಒಂದು ಜೀನ್ ಕೆಟ್ಟು ಗುಳೆ ಹೊರಟವರು ದಾರಿಯಲ್ಲೇ ಉಳಿದರೆ, ಹಣೆಯ ಕೂದಲು ಬೆಳ್ಳಗಾಗುತ್ತದೆ, ಕಣ್ಣು ನೀಲಿಯಾಗುತ್ತದೆ, ಕಿವಿ ಕಿವುಡಾಗುತ್ತದೆ. ಅಪ್ಪನಿಂದ ಮಗನಿಗೆ ಬಂದ ಜೀನ್ ಒಂದೇ ಆದರೂ ಅಪ್ಪನಲ್ಲಿ ಕೂದಲಿಗೆ ನಿಂತದ್ದು ಮಗನಲ್ಲಿ ಕಿವಿಯನ್ನೂ ಮುಟ್ಟಬಹುದು.

ಮಗು ಹುಟ್ಟಿದ ದಿನವೇ ಅಪ್ಪನ ತಲೆ ನೋಡಿದ್ದರೆ ಸಾಕಿತ್ತು. ಶ್ರವಣ ಪರೀಕ್ಷೆ ಒಂದು ತಿಂಗಳೊಳಗೆ, ದೋಷ ಖಚಿತವಾಗುವುದು ಮೂರು ತಿಂಗಳೊಳಗೆ, ಶ್ರವಣ ಯಂತ್ರ ಮತ್ತು ತರಬೇತಿ ಆರು ತಿಂಗಳೊಳಗೆ ಎಂಬುದು ಇಂದು ಕಿವಿ ವೈದ್ಯರೆಲ್ಲ ಒಪ್ಪುವ ಲೆಕ್ಕ. ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಈ ಕೆಲಸವನ್ನೇ ಮಾಡುತ್ತಿದೆ. ಸಂಸ್ಥೆ ಇತ್ತು, ಬಸ್ಸೂ ಇತ್ತು. ಇಲ್ಲದೆ ಹೋದದ್ದು ಒಂದು ಕಣ್ಣೋಟ.

ಹೀಗೆ ಬೇರೆ ಬೇರೆ ಜಾಗದ ಕುರುಹುಗಳು ಒಂದೇ ಕಾರಣದಿಂದ ಒಟ್ಟಾಗಿ ಬಂದರೆ ಅದಕ್ಕೆ ಸಿಂಡ್ರೋಮ್ ಎನ್ನುತ್ತಾರೆ. ಹುಟ್ಟಿನಿಂದ ಬಂದ ಮೈಯ ಬದಲಾವಣೆಗಳನ್ನು ಓದಿ ಆ ಕಾರಣವನ್ನು ಹುಡುಕುವ ಶಾಸ್ತ್ರಕ್ಕೆ ಡಿಸ್‌ಮಾರ್ಫಾಲಜಿ ಎಂದು ಹೆಸರು. 1960ರ ದಶಕದಲ್ಲಿ ಆ ಹೆಸರಿಟ್ಟವರು ಅಮೆರಿಕದ ಮಕ್ಕಳ ವೈದ್ಯ ಡೇವಿಡ್ ಸ್ಮಿತ್. ನೂರು ಮಕ್ಕಳಲ್ಲಿ ಎರಡು ಮೂರು ಮಕ್ಕಳು ದೊಡ್ಡ ಊನದೊಂದಿಗೆ ಹುಟ್ಟುತ್ತವೆ: ಹೃದಯದಲ್ಲಿ ತೂತು, ಸೀಳುತುಟಿ, ಮುಚ್ಚದ ಬೆನ್ನುಹುರಿ. ಇವು ಬಹಳ ಸಲ ಕಣ್ಣಿಗೆ ಬೀಳುತ್ತವೆ, ಇಲ್ಲವೇ ಮಗುವಿನ ಉಸಿರಾಟ ಹೇಳಿಬಿಡುತ್ತದೆ. ಶಾಸ್ತ್ರದ ಜಾಣ್ಮೆ ಇರುವುದು ಚಿಕ್ಕ ಕುರುಹುಗಳಲ್ಲಿ. ಕಿವಿಯ ಮುಂದೆ ಒಂದು ಚುಕ್ಕೆಯಂಥ ರಂಧ್ರ, ಬಾಗಿದ ಕಿರುಬೆರಳು, ಅಂಗೈಯಲ್ಲಿ ಒಂದೇ ಅಡ್ಡಗೆರೆ, ಸ್ವಲ್ಪ ಕೆಳಗೆ ಕೂತ ಕಿವಿ. ಇಂಥದ್ದೊಂದು ನೂರರಲ್ಲಿ ಸುಮಾರು ಹದಿನಾಲ್ಕು ಮಕ್ಕಳಲ್ಲಿ ಸಿಗುತ್ತದೆ, ಹೆಚ್ಚಾಗಿ ಅದಕ್ಕೆ ಯಾವ ಅರ್ಥವೂ ಇಲ್ಲ. ಆದರೆ ಒಂದೇ ಮಗುವಿನಲ್ಲಿ ಮೂರು ಅಥವಾ ಹೆಚ್ಚು ಸಿಕ್ಕರೆ, ಅಂಥ ಐದು ಮಕ್ಕಳಲ್ಲಿ ಒಂದಕ್ಕೆ ಒಳಗೆಲ್ಲೋ ದೊಡ್ಡ ಊನ ಅಡಗಿರುತ್ತದೆ. ಹೊರಗಿನ ಮೂರು ಪುಟ್ಟ ಗುರುತು ಎಣಿಸಿದ ವೈದ್ಯೆ ಹೃದಯದ ಎಕೋ ಮತ್ತು ಮೂತ್ರಪಿಂಡದ ಸ್ಕ್ಯಾನಿಂಗ್ ಬರೆಯುವುದು ಇದಕ್ಕೇ.

ಅಂಗೈಯ ಒಂಟಿ ಗೆರೆಯನ್ನೇ ನೋಡಿ. ಡೌನ್ ಸಿಂಡ್ರೋಮ್ ಎಂದರೆ ಆ ಗೆರೆ ಎಂದು ನರ್ಸಿಂಗ್ ಓದುವವರಿಂದ ಹಿಡಿದು ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಕ್ಕಳಿಗೆ ಮಾತ್ರ ಅದಿದೆ. ಯಾವ ತೊಂದರೆಯೂ ಇಲ್ಲದ ನೂರು ಜನರ ಕೈ ಹಿಡಿದು ನೋಡಿದರೆ ಕೆಲವರಲ್ಲಿ ಅದು ಸಿಕ್ಕೇ ಸಿಗುತ್ತದೆ. ಒಂದು ಗೆರೆ ನೋಡಿ ತೀರ್ಪು ಕೊಟ್ಟು, ಹೆರಿಗೆಯಾದ ಎರಡನೇ ಗಂಟೆಯಲ್ಲೇ ಬಾಣಂತಿಯ ಕಿವಿಗೆ ಬೀಳುವಂತೆ ಮಾತಾಡುವುದನ್ನು ನಾನು ಕಂಡಿದ್ದೇನೆ. ಆ ಮಗುವಿನ ವರ್ಣತಂತು, ಅಂದರೆ ಜೀನ್‌ಗಳನ್ನು ಹೊತ್ತ ಎಳೆಗಳ, ಪರೀಕ್ಷೆ ಸಹಜವಾಗಿಯೇ ಬಂತು. ಆದರೆ ವರದಿ ಬರುವ ಮೂರು ವಾರ ಆ ತಾಯಿ ಮಗುವಿನ ಕೈಯನ್ನು ಬಿಡಿಸಿ ಬಿಡಿಸಿ ನೋಡುತ್ತಲೇ ಇದ್ದಳು. ಒಂದು ಕುರುಹು ಅಕ್ಷರ ಮಾತ್ರ. ಪದವಾಗಬೇಕಾದರೆ ಅಕ್ಷರಗಳು ಕೂಡಬೇಕು.

ಡೌನ್ ಸಿಂಡ್ರೋಮ್‌ನಲ್ಲಿ ಆ ಪದ ಹೀಗೆ ಕೂಡುತ್ತದೆ. ಮಗುವನ್ನು ಕಂಕುಳಲ್ಲಿ ಹಿಡಿದು ಎತ್ತಿದರೆ ಒದ್ದೆ ಬಟ್ಟೆಯ ಹಾಗೆ ಕೈಯಿಂದ ಜಾರುತ್ತದೆ, ಸ್ನಾಯುವಿನಲ್ಲಿ ಬಿಗಿ ಇಲ್ಲ. ಪಕ್ಕದಿಂದ ನೋಡಿದರೆ ಮುಖ ಚಪ್ಪಟೆ. ಕಣ್ಣಿನ ಹೊರಮೂಲೆ ಮೇಲಕ್ಕೆ ಏರಿದೆ, ಒಳಮೂಲೆಯಲ್ಲಿ ಚರ್ಮದ ಮಡಿಕೆ. ಕತ್ತಿನ ಹಿಂದೆ ಚರ್ಮ ಸಡಿಲ, ಕಿವಿ ಚಿಕ್ಕದು. ಕಾಲಿನ ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಚಪ್ಪಲಿಯ ಉಂಗುಷ್ಟ ಕೂರುವಷ್ಟು ಜಾಗ. ಇವೆಲ್ಲ ಒಂದೇ ಮಗುವಿನಲ್ಲಿದ್ದರೆ ಅನುಭವಿ ಕಣ್ಣು ತಪ್ಪುವುದು ಅಪರೂಪ. ಸುಮಾರು 700ರಿಂದ 800 ಹೆರಿಗೆಗೆ ಒಂದು ಮಗು ಹೀಗೆ ಹುಟ್ಟುತ್ತದೆ.

ಇಂಗ್ಲೆಂಡಿನ ಜಾನ್ ಲ್ಯಾಂಗ್ಡನ್ ಡೌನ್ 1866ರಲ್ಲಿ ಈ ಮಕ್ಕಳನ್ನು ಮೊದಲು ವಿವರಿಸಿದಾಗ ಕಣ್ಣಿನ ಓರೆಯನ್ನು ನೋಡಿ ಇವರನ್ನು ಮಂಗೋಲಿಯದ ಜನಾಂಗಕ್ಕೆ ಹೋಲಿಸಿದರು. ಮಕ್ಕಳು ಇನ್ನೊಂದು ಜನಾಂಗಕ್ಕೆ ಜಾರಿಬಿಟ್ಟಿದ್ದಾರೆ ಎಂಬಂಥ ಕಲ್ಪನೆ ಅದು. ನೂರು ವರ್ಷ ವೈದ್ಯ ಪುಸ್ತಕಗಳು ಮಂಗೋಲಿಸಂ ಎಂಬ ಹೆಸರನ್ನೇ ಹೇಳಿದವು. 1965ರಲ್ಲಿ ಮಂಗೋಲಿಯದ ಪ್ರತಿನಿಧಿಗಳು ವಿಶ್ವ ಆರೋಗ್ಯ ಸಂಸ್ಥೆಗೆ ಹೇಳಿದ ಮೇಲೆ ಅದನ್ನು ಅಲ್ಲಿ ಕೈಬಿಟ್ಟರು. ಅಷ್ಟರಲ್ಲಿ 1959ರಲ್ಲೇ ಪ್ಯಾರಿಸ್‌ನಲ್ಲಿ ಜೆರೋಮ್ ಲೆಜೂನ್ ಮತ್ತು ಸಂಗಡಿಗರು ಈ ಮಕ್ಕಳ ಕೋಶಗಳಲ್ಲಿ 46ರ ಬದಲು 47 ವರ್ಣತಂತುಗಳಿವೆ, ಹೆಚ್ಚಿನದು 21ನೆಯದು ಎಂದು ಪ್ರಕಟಿಸಿದ್ದರು. ಮುಖ ನೋಡಿ ಹೇಳುವ ವಿದ್ಯೆ ಮೊದಲ ಹೆಜ್ಜೆಯಲ್ಲೇ ಹೀಗೆ ಎಡವಿತ್ತು. ನೋಡಿದ್ದು ಸರಿ, ಹೋಲಿಸಿದ್ದು ತಪ್ಪು. ಈ ತಪ್ಪು ಬೇರೆ ರೂಪದಲ್ಲಿ ಇಂದೂ ಇದೆ, ಅದಕ್ಕೆ ಮತ್ತೆ ಬರುತ್ತೇನೆ.

ಹೆಸರು ಹಚ್ಚಿ ಏನು ಪ್ರಯೋಜನ, ಗುಣವಾಗುವ ಕಾಯಿಲೆಯೇ ಇದು ಎಂದು ಎಷ್ಟೋ ಅಪ್ಪಂದಿರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಉತ್ತರ ಹೀಗಿದೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಅರ್ಧಕ್ಕೆ ಹತ್ತಿರದಷ್ಟು ಮಕ್ಕಳಿಗೆ ಹೃದಯದ ಊನವಿರುತ್ತದೆ. ಹೃದಯದ ನಡುಗೋಡೆಯಲ್ಲಿ ದೊಡ್ಡ ತೂತಿದ್ದರೂ ಮೊದಲ ವಾರಗಳಲ್ಲಿ ಸ್ಟೆತಾಸ್ಕೋಪಿಗೆ ಯಾವ ಸದ್ದೂ ಸಿಗದಿರಬಹುದು. ಎಕೋ ಮಾಡಿಸಿ ಮೂರರಿಂದ ಆರು ತಿಂಗಳೊಳಗೆ ಆಪರೇಷನ್ ಮಾಡಿದರೆ ಮಗು ಉಳಿಯುತ್ತದೆ, ಓಡಾಡುತ್ತದೆ. ಬಿಟ್ಟರೆ ಶ್ವಾಸಕೋಶದ ರಕ್ತನಾಳಗಳು ಗಟ್ಟಿಯಾಗಿ, ಮುಂದೆ ಆಪರೇಷನ್ ಮಾಡಲೂ ಬಾರದ ಸ್ಥಿತಿಗೆ ಬರುತ್ತದೆ. ಥೈರಾಯ್ಡ್ ಕಡಿಮೆಯಾಗಿ ಇರುವ ಬುದ್ಧಿಯೂ ಮಂಕಾಗುವುದನ್ನು ಒಂದು ಮಾತ್ರೆ ತಡೆಯುತ್ತದೆ. ಅಮೆರಿಕದಲ್ಲಿ 1983ರ ಸುಮಾರಿಗೆ ಈ ಮಕ್ಕಳ ಸರಾಸರಿ ಆಯುಸ್ಸು 25 ವರ್ಷ. ಈಗ 60ರ ಹತ್ತಿರ. 21ನೇ ವರ್ಣತಂತು ಆಗಲೂ ಮೂರೇ, ಈಗಲೂ ಮೂರೇ. ಬದಲಾದದ್ದು ಹೃದಯದ ಶಸ್ತ್ರಚಿಕಿತ್ಸೆ ಮತ್ತು ಆರೈಕೆ.

ಇನ್ನೊಂದು ಪ್ರಯೋಜನ ಮುಂದಿನ ಮಗುವಿನದು. ನೂರರಲ್ಲಿ ಸುಮಾರು 95 ಮಕ್ಕಳಲ್ಲಿ ಹೆಚ್ಚುವರಿ ವರ್ಣತಂತು ಬಿಡಿಯಾಗಿ ಇರುತ್ತದೆ, ಮರುಕಳಿಸುವ ಸಂಭವ ಕಡಿಮೆ. ಮೂರು ನಾಲ್ಕು ಮಕ್ಕಳಲ್ಲಿ ಮಾತ್ರ ಅದು ಇನ್ನೊಂದು ವರ್ಣತಂತುವಿಗೆ ಅಂಟಿಕೊಂಡಿರುತ್ತದೆ, ಆಗ ತಂದೆ ಅಥವಾ ತಾಯಿಯೇ ಅದನ್ನು ತಮಗರಿವಿಲ್ಲದೆ ಹೊತ್ತಿರಬಹುದು. ಮುಖ ನೋಡಿ ಇವೆರಡನ್ನು ಬೇರೆ ಮಾಡಲು ಯಾರಿಂದಲೂ ಆಗದು. ಆದ್ದರಿಂದ ಎಷ್ಟೇ ಸ್ಪಷ್ಟವಾಗಿ ಕಂಡರೂ ವರ್ಣತಂತುಗಳನ್ನು ಜೋಡಿಸಿ ಎಣಿಸುವ ಕ್ಯಾರಿಯೋಟೈಪ್ ಪರೀಕ್ಷೆ ಮಾಡಿಸಲೇಬೇಕು. ಕಣ್ಣು ಯಾವ ಬಾಗಿಲು ತಟ್ಟಬೇಕೆಂದು ಹೇಳುತ್ತದೆ. ಒಳಗಿರುವುದು ಯಾರೆಂದು ಹೇಳುವುದು ಪ್ರಯೋಗಾಲಯ.

ಆನುವಂಶಿಕ ಕಾಯಿಲೆಗಳನ್ನು ನೋಡುವ ನುರಿತ ತಳಿವೈದ್ಯರು ಮಗುವನ್ನು ಪರೀಕ್ಷಿಸುವುದನ್ನು ಪಕ್ಕದಲ್ಲಿ ನಿಂತು ನೋಡಿದರೆ ಮೊದಲು ಆಶ್ಚರ್ಯವಾಗುತ್ತದೆ. ಮಗುವಿನ ಮುಖಕ್ಕಿಂತ ಮೊದಲು ಅವರು ಅಪ್ಪ ಅಮ್ಮನ ಮುಖ ನೋಡುತ್ತಾರೆ. ಮಗುವಿನ ತಲೆ ದೊಡ್ಡದಿದ್ದರೆ ಅಪ್ಪನ ತಲೆಗೂ ಟೇಪು ಸುತ್ತುತ್ತಾರೆ. ಕಣ್ಣುಗಳ ನಡುವೆ ಅಂತರ ಹೆಚ್ಚು ಎಂದು ಕಂಡರೆ ಹಾಗೆಂದು ಬರೆಯುವುದಿಲ್ಲ, ಅಳೆಯುತ್ತಾರೆ. ಮೂಗಿನ ಸೇತುವೆ ತಗ್ಗಾಗಿದ್ದರೂ ಕಣ್ಣು ದೂರವಿರುವಂತೆ ಕಾಣುತ್ತದೆ, ಕಣ್ಣಿಗೆ ಮೋಸವಾಗುತ್ತದೆ. ವಿಚಿತ್ರ ಮುಖ ಎಂಬ ಮಾತು ಒಳ್ಳೆಯ ಕೇಸ್ ಶೀಟಿನಲ್ಲಿ ಇರಬಾರದು.

ಸೀಳುತುಟಿಯ ಮಗುವನ್ನು ತಂದಾಗ ಒಬ್ಬ ಹಿರಿಯ ವೈದ್ಯೆ ಮಗುವನ್ನು ಪಕ್ಕಕ್ಕಿಟ್ಟು ತಾಯಿಗೆ ಕೆಳತುಟಿ ತೋರಿಸಮ್ಮ ಎಂದದ್ದು ನನಗೆ ಚೆನ್ನಾಗಿ ನೆನಪಿದೆ. ಟಾರ್ಚಿನ ಬೆಳಕಿನಲ್ಲಿ ಅವಳ ಕೆಳತುಟಿಯ ಮೇಲೆ, ನಡುಗೆರೆಯ ಎರಡೂ ಕಡೆ, ಸೂಜಿಮೊನೆಯಷ್ಟು ಎರಡು ಗುಳಿ. ಚಿಕ್ಕಂದಿನಿಂದ ಇದೆ, ಒಮ್ಮೊಮ್ಮೆ ಜೊಲ್ಲಿನ ಹನಿ ಬರುತ್ತದೆ ಎಂದಳು. ಇದು ವ್ಯಾನ್ ಡೆರ್ ವೌಡ್ ಸಿಂಡ್ರೋಮ್. ತಾಯಿಯಲ್ಲಿ ಎರಡು ಗುಳಿಯಾಗಿ ನಿಂತ ಜೀನ್ ಮಗುವಿನಲ್ಲಿ ತುಟಿಯನ್ನೇ ಸೀಳಿತ್ತು. ಪ್ರತಿ ಬಸುರಿನಲ್ಲೂ ಆ ಜೀನ್ ಮಗುವಿಗೆ ದಾಟುವ ಸಂಭವ ಅರ್ಧಕ್ಕರ್ಧ. ಅತ್ತೆ ಅದುವರೆಗೆ ಗ್ರಹಣದ ದಿನ ಸೊಸೆ ಈಳಿಗೆಮಣೆಯಲ್ಲಿ ತರಕಾರಿ ಹೆಚ್ಚಿದಳು ಎನ್ನುತ್ತಿದ್ದರು. ವೈದ್ಯೆ ಅದಕ್ಕೆ ಏನೂ ವಾದ ಮಾಡಲಿಲ್ಲ, ಆ ಗುಳಿಗಳನ್ನು ಅತ್ತೆಗೂ ತೋರಿಸಿದರು. ಈ ಗುಳಿ ಇವಳು ಹುಟ್ಟುವಾಗಲೇ ಇತ್ತಮ್ಮ, ಆಗ ಯಾವ ಗ್ರಹಣ ಹಿಡಿದಿತ್ತು ಎಂದು ಮೆಲ್ಲಗೆ ಕೇಳಿದರು.

ಎಲ್ಲ ಊನವೂ ಜೀನಿನಿಂದ ಬರುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಗರ್ಭದಲ್ಲಿ ಜಾಗ ಸಾಲದೆ ಒತ್ತಿ ಬಾಗಿದ ಪಾದ ಬೇರೆ. ಭ್ರೂಣದ ಸುತ್ತಲಿನ ಪೊರೆ ಹರಿದು ಅದರ ಎಳೆ ಸುತ್ತಿಕೊಂಡು ತುಂಡಾದ ಬೆರಳು ಬೇರೆ. ಕಳೆದ ಶತಮಾನದ 50ರ ದಶಕದ ಕೊನೆಯಲ್ಲಿ ಥ್ಯಾಲಿಡೊಮೈಡ್ ಮಾತ್ರೆ ನುಂಗಿದ ತಾಯಂದಿರ ಮಕ್ಕಳ ಮೊಟಕು ಕೈಗಳು ಮತ್ತೆ ಬೇರೆ. ಇಂಥವು ಮುಂದಿನ ಮಗುವಿಗೆ ಬರುವ ಭಯ ಇಲ್ಲ ಅಥವಾ ಬಹಳ ಕಡಿಮೆ. ಹಾಗಾಗಿ ವೈದ್ಯರ ಮೊದಲ ಪ್ರಶ್ನೆ ಊನ ಎಷ್ಟು ದೊಡ್ಡದು ಎಂಬುದಲ್ಲ. ಇದೊಂದೇ ಇದೆಯೋ, ಜೊತೆಗೆ ಇನ್ನೇನಾದರೂ ಇದೆಯೋ ಎಂಬುದು. ಹೆಬ್ಬೆರಳು ಇಲ್ಲದ ಅಥವಾ ನೇತಾಡುವ ಹೆಬ್ಬೆರಳಿನ ಮಗುವನ್ನು ಪ್ಲಾಸ್ಟಿಕ್ ಸರ್ಜನ್ ಬಳಿ ಕಳಿಸಿ ಕೈ ಸರಿಮಾಡಿಸುತ್ತೇವೆ. ಅದೇ ಮಗುವಿನ ಮೈಮೇಲೆ ಕಾಫಿ ಬಣ್ಣದ ಮಚ್ಚೆಗಳಿದ್ದು, ಬೆಳವಣಿಗೆ ಕುಂಠಿತವಾಗಿದ್ದರೆ ಅದು ಫ್ಯಾಂಕೋನಿ ಅನೀಮಿಯಾ ಇರಬಹುದು. ಏಳೆಂಟು ವರ್ಷದ ಸುಮಾರಿಗೆ ಮೂಳೆಮಜ್ಜೆ ರಕ್ತ ತಯಾರಿಸುವುದನ್ನೇ ನಿಲ್ಲಿಸುತ್ತದೆ. ಹೆಬ್ಬೆರಳು ಅದನ್ನು ಹುಟ್ಟಿದ ದಿನವೇ ಹೇಳಿತ್ತು.

ಕೆಲವು ಮುಖಗಳು ಹುಟ್ಟುವಾಗ ಏನನ್ನೂ ಹೇಳುವುದಿಲ್ಲ. ಹರ್ಲರ್ ಸಿಂಡ್ರೋಮ್ ಇರುವ ಮಗು ಎಲ್ಲ ಮಕ್ಕಳಂತೆಯೇ ಮುದ್ದಾಗಿ ಹುಟ್ಟುತ್ತದೆ. ಒಂದು ಕಿಣ್ವದ ಕೊರತೆಯಿಂದ ಕೋಶಗಳಲ್ಲಿ ಕಸ ತುಂಬುತ್ತಾ ಹೋಗಿ, ತುಟಿ ದಪ್ಪವಾಗಿ, ಮೂಗು ಅಗಲವಾಗಿ, ಬೆರಳು ಗಡುಸಾಗಿ, ಕಣ್ಣಿನ ಪಾರದರ್ಶಕ ಪಟಲ ಮಂಜಾಗುತ್ತದೆ. ದಿನವೂ ನೋಡುವ ತಾಯಿಗೆ ಈ ಬದಲಾವಣೆ ಕಾಣುವುದೇ ಇಲ್ಲ. ಹೊಕ್ಕುಳ ಹರ್ನಿಯಾಗೆ ಒಂದು ಆಪರೇಷನ್, ಪದೇಪದೇ ಕಿವಿ ಸೋರುವುದಕ್ಕೆ ಹತ್ತು ಸಲ ಔಷಧಿ, ಹೀಗೆ ಎರಡು ವರ್ಷ ಕಳೆದುಹೋಗುತ್ತದೆ. ಮೂಳೆಮಜ್ಜೆ ಕಸಿ ಮೆದುಳನ್ನು ಉಳಿಸುವುದು ಹೆಚ್ಚುಕಡಿಮೆ ಆ ಎರಡು ವರ್ಷದೊಳಗೆ ಮಾಡಿದರೆ ಮಾತ್ರ. ಮೊಬೈಲಿನಲ್ಲಿರುವ ಫೋಟೊಗಳನ್ನು ನಾಮಕರಣದಿಂದ ಹಿಡಿದು ಮೊದಲ ಹುಟ್ಟುಹಬ್ಬದವರೆಗೆ ಸಾಲಾಗಿ ಜೋಡಿಸಿ ನೋಡಿದರೆ, ತಾಯಿಯೇ ಬೆಚ್ಚಿ, ಅಯ್ಯೋ ಇವನು ಹೀಗಿರಲಿಲ್ಲ ಎನ್ನುತ್ತಾಳೆ.

ಈಗ ಆ ಹಳೆಯ ತಪ್ಪಿಗೆ ಬರೋಣ. ನಾವು ಓದಿದ ಪುಸ್ತಕಗಳಲ್ಲಿದ್ದ ಮುಖಗಳು ಬಹುಮಟ್ಟಿಗೆ ಯುರೋಪಿನ ಮತ್ತು ಅಮೆರಿಕದ ಬಿಳಿಯ ಮಕ್ಕಳವು. 22ನೇ ವರ್ಣತಂತುವಿನ ಒಂದು ತುಣುಕು ಕಳೆದುಹೋಗುವ 22ಕ್ಯೂ11 ಸಿಂಡ್ರೋಮ್ ಸುಮಾರು ನಾಲ್ಕು ಸಾವಿರ ಮಕ್ಕಳಲ್ಲಿ ಒಂದಕ್ಕಿದೆ. ಹೃದಯದ ಹೊರನಾಳದ ಊನ, ಅಂಗುಳದ ದೋಷದಿಂದ ಮೂಗಿನಲ್ಲಿ ಬರುವ ಮಾತು, ಕ್ಯಾಲ್ಸಿಯಂ ಇಳಿದು ಬರುವ ಫಿಟ್ಸು. ಮುಖದ ಕುರುಹು ಮಾತ್ರ ಬಹಳ ಸೂಕ್ಷ್ಮ. ಉದ್ದ ಮುಖ, ಕೊಳವೆಯಂಥ ಮೂಗು, ಸಣ್ಣ ಬಾಯಿ ಎಂದು ಪುಸ್ತಕ ಹೇಳುತ್ತದೆ. ಆ ವಾಕ್ಯವನ್ನು ಹಿಡಿದುಕೊಂಡು ಬಳ್ಳಾರಿಯಲ್ಲೋ ಕಾರವಾರದಲ್ಲೋ ಹುಟ್ಟಿದ ಮಗುವಿನ ಮುಂದೆ ನಿಂತರೆ ಕುರುಹು ಕಾಣದೆ ಹೋಗುವುದು ಸುಲಭ. ಮೂಗು, ತುಟಿ, ಕಣ್ಣಿನ ಮಡಿಕೆ ಒಂದೊಂದು ಜನಸಮುದಾಯದಲ್ಲಿ ಒಂದೊಂದು ಬಗೆ. ಯಾವುದರಿಂದ ಎಷ್ಟು ಸರಿದಿದೆ ಎಂಬುದೇ ಕುರುಹಾದ್ದರಿಂದ, ಅಳತೆಗೋಲು ನಮ್ಮದಿರಬೇಕು. ಇದನ್ನು ಒಪ್ಪಿ ಅಮೆರಿಕದ ರಾಷ್ಟ್ರೀಯ ಜೀನೋಮ್ ಸಂಶೋಧನಾ ಸಂಸ್ಥೆ 2016ರಲ್ಲಿ ಆಫ್ರಿಕಾ, ಏಷ್ಯಾ, ಲ್ಯಾಟಿನ್ ಅಮೆರಿಕದ ಮಕ್ಕಳ ಚಿತ್ರಗಳ ಅಟ್ಲಾಸ್ ಒಂದನ್ನು ಆರಂಭಿಸಿತು.

ಕಂಪ್ಯೂಟರ್ ಬಂದರೆ ಈ ತೊಂದರೆ ತಾನಾಗಿಯೇ ತೀರುತ್ತದೆ ಎಂದುಕೊಂಡವರಿದ್ದರು. ಮುಖದ ಫೋಟೊ ನೋಡಿ ಸಿಂಡ್ರೋಮ್ ಊಹಿಸುವ ಡೀಪ್‌ಗೆಸ್ಟಾಲ್ಟ್ ಎಂಬ ತಂತ್ರಾಂಶದ ವಿವರ 2019ರಲ್ಲಿ ಪ್ರಕಟವಾಯಿತು. 17,000ಕ್ಕೂ ಹೆಚ್ಚು ಚಿತ್ರಗಳಿಂದ, 200ಕ್ಕೂ ಹೆಚ್ಚು ಸಿಂಡ್ರೋಮ್‌ಗಳನ್ನು ಅದು ಕಲಿತಿತ್ತು. 502 ಹೊಸ ಚಿತ್ರಗಳನ್ನು ಕೊಟ್ಟಾಗ ಅದು ಪಟ್ಟಿ ಮಾಡಿದ ಮೊದಲ ಹತ್ತು ಹೆಸರುಗಳಲ್ಲಿ ಸರಿಯಾದದ್ದು ಶೇಕಡ 91ರಷ್ಟು ಸಲ ಇತ್ತು. ದೊಡ್ಡ ಸಾಧನೆ, ಅನುಮಾನವಿಲ್ಲ. ಆದರೆ ಅದಕ್ಕೂ ಮುನ್ನ, 2017ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ನನ್ನ ಮನಸ್ಸಿನಲ್ಲಿ ಹೆಚ್ಚು ಉಳಿದಿದೆ. ಅಂಥದ್ದೇ ತಂತ್ರಾಂಶಕ್ಕೆ ಡೌನ್ ಸಿಂಡ್ರೋಮ್ ಇರುವ ಬೆಲ್ಜಿಯಂ ಮತ್ತು ಕಾಂಗೋ ಮಕ್ಕಳ ಚಿತ್ರ ಕೊಟ್ಟರು. ಬೆಲ್ಜಿಯಂ ಮಕ್ಕಳಲ್ಲಿ ಶೇಕಡ 80ರಷ್ಟನ್ನು ಗುರುತಿಸಿತು, ಕಾಂಗೋ ಮಕ್ಕಳಲ್ಲಿ ಶೇಕಡ 37ರಷ್ಟನ್ನು ಮಾತ್ರ. ಆಫ್ರಿಕದ ಮಕ್ಕಳ ಇನ್ನಷ್ಟು ಚಿತ್ರ ತೋರಿಸಿ ಕಲಿಸಿದ ಮೇಲೆ ಅದು ಶೇಕಡ 95ರ ಹತ್ತಿರಕ್ಕೆ ಏರಿತು. ಯಂತ್ರಕ್ಕೆ ಕಾಂಗೋ ಮಕ್ಕಳ ಮೇಲೆ ದ್ವೇಷವಿರಲಿಲ್ಲ. ಅವರನ್ನು ಅದು ನೋಡಿರಲೇ ಇಲ್ಲ.

ನಮ್ಮ ಮಕ್ಕಳ ಚಿತ್ರಗಳನ್ನು, ತಂದೆತಾಯಿಗೆ ಅರ್ಥವಾಗುವ ಕನ್ನಡದಲ್ಲಿ ಒಪ್ಪಿಗೆ ಪಡೆದು, ಸುರಕ್ಷಿತವಾಗಿ ನಾವೇ ಕೂಡಿಡಬೇಕು ಎಂದು ನಾನು ಹೇಳುವುದು ಇದರಿಂದ. ಮಣಿಪಾಲದ ಕಸ್ತೂರಬಾ ಮೆಡಿಕಲ್ ಕಾಲೇಜಿನ ತಳಿವೈದ್ಯ ವಿಭಾಗ, ಬೆಂಗಳೂರಿನ ಮಾನವ ತಳಿಶಾಸ್ತ್ರ ಕೇಂದ್ರ, ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ನಿಮ್ಹಾನ್ಸ್ ಇಂಥ ಜಾಗಗಳಲ್ಲಿ ಈ ವಿದ್ಯೆ ಇದೆ. ಆಸ್ಪತ್ರೆಯ ವಾಟ್ಸಾಪ್ ಗುಂಪಿನಲ್ಲಿ ಮಗುವಿನ ಮುಖ ಹರಿದಾಡುವುದು ಮಾತ್ರ ಖಂಡಿತ ಆಗಬಾರದು.

ನೋಡುವ ಕಣ್ಣು ತಡವಾಗಿ ಬಂದರೆ ಏನಾಗುತ್ತದೆ ಎಂಬುದಕ್ಕೆ ಮಲೆನಾಡಿಗಿಂತ ದೂರ ಹೋಗಬೇಕಿಲ್ಲ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ಮಧ್ಯದಲ್ಲಿ ಸೊಂಟ, ಮಂಡಿ ಹಿಡಿದುಕೊಂಡು ನಡೆಯಲಾರದವರ ಸಂಖ್ಯೆ ಕಣ್ಣಿಗೆ ಬಿತ್ತು. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಇತರ ಹಳ್ಳಿಗಳಲ್ಲೂ ಕಂಡಿತು. ಬಳಲಿದವರು ಬಹುತೇಕ ಬಡ ದಲಿತ ಕುಟುಂಬಗಳ ಕೂಲಿಕಾರರು. ಕೀಟನಾಶಕ ಹೊಡೆದ ಗದ್ದೆಯ ಏಡಿ ತಿಂದದ್ದರಿಂದ ಬಂತು ಎಂಬ ಅನುಮಾನ ಮೊದಲು ಹರಡಿತು. ಅವರ ಊಟವೇ ಅಪರಾಧಿಯಾಯಿತು. ಆಮೇಲೆ ಮನೆ ಮನೆಯ ವಂಶವೃಕ್ಷ ಬರೆದು, ಎಕ್ಸ್‌ರೇಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಚಿತ್ರ ಬೇರೆಯಾಯಿತು. ಸೊಂಟದ ಕೀಲು, ಬೆನ್ನೆಲುಬು ಎರಡೂ ಕಡೆ ಮೂಳೆಯ ಬೆಳವಣಿಗೆಯೇ ದೋಷಪೂರಿತ. ಕೆಲವರಲ್ಲಿ ಬರೀ ಕೀಲುನೋವು, ಕೆಲವರಲ್ಲಿ ಗಿಡ್ಡ ದೇಹ. ತಂದೆ ಅಥವಾ ತಾಯಿ ಒಬ್ಬರಲ್ಲಿದ್ದರೂ ಪ್ರತಿ ಮಗುವಿಗೆ ಬರುವ ಸಂಭವ ಅರ್ಧಕ್ಕರ್ಧ ಇರುವ ಆನುವಂಶಿಕ ಮೂಳೆರೋಗ ಇದು ಎಂದು 1990ರ ದಶಕದ ಅಧ್ಯಯನಗಳು ಹೇಳಿದವು. ಹೆಸರು ಸಿಕ್ಕಿತು. ಆದರೆ ಹೆಸರಿನ ಹಿಂದೆ ಬರಬೇಕಾದ ಕೀಲುಬದಲಿ ಶಸ್ತ್ರಚಿಕಿತ್ಸೆ, ಪಿಂಚಣಿ, ಮದುವೆಗೆ ಮುನ್ನ ಯಾರಾದರೂ ಕೂತು ಮಾತಾಡುವ ವ್ಯವಸ್ಥೆ ಆ ಮನೆಗಳಿಗೆ ಬೇಕಾದಷ್ಟು ಬರಲಿಲ್ಲ ಎಂಬುದು ನನ್ನ ಸಂಕಟ.

ನಮ್ಮಲ್ಲಿ ಮಾತು ಇಲ್ಲಿಗೆ ಬಂದೊಡನೆ ಎಲ್ಲರೂ ಸೋದರಿಕೆ ಮದುವೆಯ ಕಡೆ ಬೆರಳು ತೋರಿಸುತ್ತಾರೆ. ಹಂದಿಗೋಡಿನ ರೋಗ ಸೋದರಿಕೆಯಿಂದ ಬಂದದ್ದಲ್ಲ, ಡೌನ್ ಸಿಂಡ್ರೋಮ್ ಅಂತೂ ಅಲ್ಲವೇ ಅಲ್ಲ. ಸೋದರಿಕೆಯ ಪಾಲು ಇರುವುದು ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರೆ ಮಾತ್ರ ಕಾಣಿಸಿಕೊಳ್ಳುವ ಹರ್ಲರ್, ಫ್ಯಾಂಕೋನಿಯಂಥ ಕಾಯಿಲೆಗಳಲ್ಲಿ. 1980ರ ದಶಕದಲ್ಲಿ ಬೆಂಗಳೂರು, ಮೈಸೂರಿನ ಆಸ್ಪತ್ರೆಗಳಲ್ಲಿ ಹೆತ್ತ ಲಕ್ಷಕ್ಕೂ ಹೆಚ್ಚು ತಾಯಂದಿರನ್ನು ಕೇಳಿದಾಗ ಮೂರರಲ್ಲಿ ಒಂದು ಮದುವೆ ಸಂಬಂಧದೊಳಗೇ ಆಗಿತ್ತು. ಅತ್ತೆ ಮಾವಂದಿರ ಮಕ್ಕಳು ಮದುವೆಯಾದರೆ ಊನದ ಸಂಭವ ನೂರಕ್ಕೆ ಎರಡು ಮೂರರಿಂದ ನಾಲ್ಕು ಆರಕ್ಕೆ ಏರುತ್ತದೆ. ಸೋದರಮಾವನಾದರೆ ಇನ್ನೂ ಹೆಚ್ಚು. ಅಂದರೆ ಅಂಥ ನೂರು ಮಕ್ಕಳಲ್ಲಿ ತೊಂಬತ್ತಕ್ಕೂ ಹೆಚ್ಚು ಮಕ್ಕಳು ಆರೋಗ್ಯವಾಗಿಯೇ ಇರುತ್ತವೆ. ಎರಡೂ ಅಂಕಿಯನ್ನು ಒಟ್ಟಿಗೆ ಹೇಳಬೇಕು. ಮೊದಲನೆಯದನ್ನು ಮಾತ್ರ ಹೇಳಿದರೆ ಅದು ತಾಯಿಯ ತಲೆಗೆ ಕಟ್ಟುವ ಇನ್ನೊಂದು ಗ್ರಹಣವಾಗುತ್ತದೆ.

ಸರ್ಕಾರದ ಕಾಗದದಲ್ಲಿ ವ್ಯವಸ್ಥೆ ಇದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹೆರಿಗೆಯಾದಲ್ಲೇ ಮಗುವಿನ ಜನ್ಮಜಾತ ಊನ ನೋಡಬೇಕು, ಆಶಾ ಕಾರ್ಯಕರ್ತೆ ಮನೆಗೆ ಹೋದಾಗ ನೋಡಬೇಕು, ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ತಂಡ ಬರಬೇಕು. ಡೌನ್ ಸಿಂಡ್ರೋಮ್, ಸೀಳುತುಟಿ, ವಕ್ರಪಾದ, ಹೃದಯದ ಊನ, ಕಿವುಡು ಎಲ್ಲ ಆ ಪಟ್ಟಿಯಲ್ಲಿವೆ. 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಡಿ ಗೊತ್ತುಮಾಡಿದ ಕೇಂದ್ರಗಳಲ್ಲಿ ಬೆಂಗಳೂರಿನದೂ ಒಂದು. 2022ರಿಂದ ಒಬ್ಬ ರೋಗಿಗೆ 50 ಲಕ್ಷ ರೂಪಾಯಿವರೆಗೆ ನೆರವಿದೆ. ಕಿಣ್ವದ ಔಷಧಿಯನ್ನು ತೂಕಕ್ಕೆ ತಕ್ಕಂತೆ ಜೀವನವಿಡೀ ಕೊಡಬೇಕಾದ ಮಗುವಿಗೆ ಅದು ಎಷ್ಟು ದಿನ ಬಂದೀತು ಎಂಬ ಪ್ರಶ್ನೆ ಇದ್ದೇ ಇದೆ. ಆದರೆ ಅಲ್ಲಿಯವರೆಗೆ ತಲುಪುವ ಮಗುವಿಗಲ್ಲವೇ ಆ ಪ್ರಶ್ನೆ? ದುಬಾರಿ ಜೀನ್ ಪರೀಕ್ಷೆಗೂ ಮೊದಲು ಬೇಕಾದದ್ದು, ಬಟ್ಟೆ ಬಿಚ್ಚಿ, ಬೆಳಕಿನ ಕೆಳಗೆ, ನೆತ್ತಿಯಿಂದ ಅಂಗಾಲಿನವರೆಗೆ, ಬೆನ್ನು ತಿರುಗಿಸಿ, ಬಾಯಿ ತೆರೆದು ಅಂಗುಳದ ಹಿಂಭಾಗದವರೆಗೆ ನೋಡುವ ಐದು ನಿಮಿಷ. ಹೆರಿಗೆ ವಾರ್ಡಿನಲ್ಲಿ ಮಗುವನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ಮುಖ ಮಾತ್ರ ಕಾಣುವಂತೆ ಅಮ್ಮನ ಪಕ್ಕ ಮಲಗಿಸುತ್ತಾರೆ. ಕೆಲವೊಮ್ಮೆ ಡಿಸ್ಚಾರ್ಜ್ ಆಗುವವರೆಗೂ ಆ ಬಟ್ಟೆಯ ಒಳಗನ್ನು ಯಾವ ವೈದ್ಯರೂ ನೋಡಿರುವುದಿಲ್ಲ.

ಇನ್ನು ಯಾರೂ ಮಾತಾಡದ ಒಂದು ವಿಷಯ. ಹೊಟ್ಟೆಯಲ್ಲೇ ತೀರಿಕೊಂಡ ಅಥವಾ ಹುಟ್ಟಿದ ಕೂಡಲೇ ಹೋದ ಮಗುವನ್ನು ನಮ್ಮಲ್ಲಿ ಕತ್ತಲಾಗುವ ಮೊದಲೇ ಮಣ್ಣು ಮಾಡುತ್ತಾರೆ. ತಾಯಿಗೆ ತೋರಿಸುವುದಿಲ್ಲ, ನೋಡಿದರೆ ಮನಸ್ಸು ಕೆಡುತ್ತದೆ ಎನ್ನುತ್ತಾರೆ. ವರ್ಷ ಕಳೆದು ಅವಳು ಮತ್ತೆ ಬಸುರಿಯಾಗಿ ತಳಿವೈದ್ಯರ ಮುಂದೆ ಕೂತಾಗ, ಹೋದ ಮಗು ಹೇಗಿತ್ತಮ್ಮ ಎಂದು ಕೇಳಿದರೆ ಅವಳಿಗೆ ಗೊತ್ತಿಲ್ಲ. ಗಂಡ ನೆಲ ನೋಡುತ್ತಾನೆ. ಡಿಸ್ಚಾರ್ಜ್ ಕಾರ್ಡಿನಲ್ಲಿ ಬಹು ಊನಗಳು ಎಂಬ ಎರಡು ಪದ ಇರುತ್ತವೆ. ಅಷ್ಟರಿಂದ ಯಾರೂ ಏನನ್ನೂ ಹೇಳಲಾರರು. ಮುಖ ಎದುರಿನಿಂದ ಒಂದು, ಪಕ್ಕದಿಂದ ಒಂದು, ಎರಡೂ ಕೈ, ಎರಡೂ ಪಾದ, ಬೆನ್ನು, ಇಷ್ಟು ಫೋಟೊ. ಇಡೀ ಮೈಯ ಒಂದು ಎಕ್ಸ್‌ರೇ. ಹೊಕ್ಕುಳಬಳ್ಳಿಯಿಂದ ಸ್ವಲ್ಪ ರಕ್ತ ಅಥವಾ ಚರ್ಮದ ಒಂದು ಚೂರು ತೆಗೆದು ಡಿಎನ್‌ಎ ಇಡುವುದು. ಇದನ್ನೆಲ್ಲ ತಾಲ್ಲೂಕು ಆಸ್ಪತ್ರೆಯಲ್ಲೇ ಮಾಡಬಹುದು, ಮಾದರಿಯನ್ನು ಮಾತ್ರ ಬೆಂಗಳೂರಿಗೋ ಮಣಿಪಾಲಕ್ಕೋ ಕಳಿಸಬೇಕು. ದುಃಖದ ಆ ಗಂಟೆಯಲ್ಲಿ ಕೇಳುವುದು ಕಷ್ಟ, ನನಗೆ ಗೊತ್ತು. ಒಪ್ಪಿಗೆ ಕೇಳಿದಾಗ ಎಷ್ಟೋ ಅಪ್ಪಂದಿರು ಬೇಡ ಎಂದದ್ದೂ ಇದೆ. ಒಬ್ಬ ಅಪ್ಪ ಮಾತ್ರ ಹೊರಗೆ ಹೋಗಿ ಹತ್ತು ನಿಮಿಷ ನಿಂತು ಬಂದು, ತೆಗೀರಿ ಸಾರ್, ಆದ್ರೆ ಬಟ್ಟೆ ನಾನೇ ಬಿಚ್ತೀನಿ ಎಂದ. ಮಗುವಿನ ಕೈಯನ್ನು ಬಿಡಿಸಿ ಬೆಳಕಿಗೆ ಹಿಡಿದದ್ದೂ ಅವನೇ. ಎರಡೂ ಕೈಯಲ್ಲಿ ಆರಾರು ಬೆರಳಿದ್ದವು. ಎರಡು ವರ್ಷದ ಮೇಲೆ, ಮುಂದಿನ ಬಸುರಿನ ಸ್ಕ್ಯಾನಿಂಗ್ ಮಾಡುವ ವೈದ್ಯೆ ಮೊದಲು ಹುಡುಕಿದ್ದು ಆ ಪುಟ್ಟ ಕೈಗಳನ್ನು, ಮತ್ತು ಎಣಿಸಿದಳು: ಐದು, ಐದು.